ಸಂತೆಯಲ್ಲಿ ಹಳೇ ಬಟ್ಟೆ: ನೋಡಿ ಕೊಳ್ಳುವುದು, ಲೆಕ್ಕ ಹಾಕಿ ಮಾರುವುದು

ಸೆಕೆಂಡ್ ಹ್ಯಾಂಡ್ ಬಟ್ಟೆ ವಿಷಯದಲ್ಲಿ ಎರಡು ದೂರು ಪದೇ ಪದೇ ಕೇಳಿಬರುತ್ತವೆ. ಕೊಂಡವರದ್ದು: "ಅಲ್ಲಿ ನೋಡಿದಾಗ ಚೆನ್ನಾಗಿತ್ತು, ಒಂದು ಸಲ ಒಗೆದಿದ್ದೇ ತಡ ಪಿಸಿದುಹೋಯ್ತು." ಮಾರಲು ಹೋದವರದ್ದು: "ಇಡೀ ಗಂಟು ಕೊಟ್ಟರೂ ಆಟೋ ಕಾಸು ಹುಟ್ಟಲಿಲ್ಲ."

ಎರಡಕ್ಕೂ ಕಾರಣ ಒಂದೇ. ಕೆಲಸದ ಕ್ರಮ ತಲೆಕೆಳಗಾಗಿದೆ. ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ, ಬಟ್ಟೆ ಗಟ್ಟಿ ಇದೆಯಾ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಮಾರುವವರು ಮೊದಲು ಗಂಟು ಕಟ್ಟುತ್ತಾರೆ, ಬೆಲೆಯ ಯೋಚನೆ ಗಿರಾಕಿ ಎದುರು ನಿಂತಾಗ ಶುರುವಾಗುತ್ತದೆ. ಈ ಕ್ರಮ ಬದಲಾದರೆ ಅರ್ಧ ತೊಂದರೆ ತಪ್ಪುತ್ತದೆ.

ಇಲ್ಲಿ ಹೇಳುವುದು ಬೆಂಗಳೂರಿನ ಸಂಡೇ ಬಜಾರ್ ಮತ್ತು ನಮ್ಮ ಊರುಗಳ ವಾರದ ಸಂತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬರೀ ಕೊಳ್ಳುವವರೂ ಮಾರುವ ಭಾಗವನ್ನು ಓದಿ. ಎದುರಿನವರ ಲೆಕ್ಕ ಗೊತ್ತಿದ್ದರೆ ಚೌಕಾಸಿ ಸುಲಭ.

## ಭಾಗ ಒಂದು: ಕೊಳ್ಳುವವರಿಗೆ

### 1. ಹೊರಡುವ ಮುಂಚೆ ಬಟ್ಟೆ ಅಳೆಯಿರಿ, ಮೈ ಅಲ್ಲ

ಸಂತೆಯಲ್ಲಿ ಟ್ರಯಲ್ ರೂಮ್ ಇರುವುದಿಲ್ಲ. ಲೇಬಲ್ ಮೇಲಿನ ಎಲ್, ಎಕ್ಸ್‌ಎಲ್ ನಂಬುವಂತಿಲ್ಲ. ಒಂದು ಕಂಪನಿಯ ಎಲ್ ಇನ್ನೊಂದರ ಎಂ ಆಗಿರುತ್ತದೆ. ಹಲವು ಸಲ ಒಗೆದ ಹತ್ತಿ ಬಟ್ಟೆ ಕುಗ್ಗಿರುತ್ತದೆ. ಮೊದಲಿನವರು ಟೈಲರ್ ಹತ್ತಿರ ಹಿಡಿಸಿರಲೂಬಹುದು.

ನಿಮಗೆ ಸರಿಯಾಗಿ ಕೂರುವ ಒಂದು ಶರ್ಟು, ಒಂದು ಪ್ಯಾಂಟು, ಒಂದು ಕುರ್ತಾ ತೆಗೆದು ನೆಲದ ಮೇಲೆ ಹರಡಿ. ಶರ್ಟಿಗೆ ಮೂರು ಅಳತೆ ಸಾಕು: ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ, ಭುಜದಿಂದ ಭುಜಕ್ಕೆ, ಮತ್ತು ಉದ್ದ. ಪ್ಯಾಂಟಿಗೆ ನಾಲ್ಕು: ಗುಂಡಿ ಹಾಕಿ ಹರಡಿದಾಗ ಸೊಂಟದ ಅಗಲ, ತೊಡೆಯ ಅಗಲ, ಒಳಗಾಲಿನ ಉದ್ದ, ಸೊಂಟದಿಂದ ಕಾಲು ಕೂಡುವ ಹೊಲಿಗೆವರೆಗಿನ ಉದ್ದ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಸೊಂಟ ಸರಿ ಇದ್ದರೂ ಕೂತಾಗ ಹಿಡಿಯುವ ಪ್ಯಾಂಟುಗಳೆಲ್ಲ ಇಲ್ಲೇ ಕೈಕೊಡುವುದು. ಎಲ್ಲವನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮಕ್ಕಳ ಬಟ್ಟೆಗೆ ಈಗಿನ ಅಳತೆಗಿಂತ ಎರಡು ಇಂಚು ಜಾಸ್ತಿ ಹಿಡಿಯಿರಿ.

ಜೊತೆಗೆ ಬೇಕಾದ ಸಾಮಾನು:

- ಇಂಚು ಟೇಪು
- ಬಿಳಿ ಕರ್ಚೀಫು ಮತ್ತು ಸಣ್ಣ ನೀರಿನ ಬಾಟಲಿ (ಬಣ್ಣ ಬಿಡುತ್ತದಾ ನೋಡಲು)
- ಬಾಯಿ ಬಿಗಿಯಾಗಿ ಕಟ್ಟಬಹುದಾದ ಎರಡು ದೊಡ್ಡ ಪ್ಲಾಸ್ಟಿಕ್ ಕವರ್
- 10, 20, 50, 100ರ ನೋಟುಗಳು
- ಮೈಮೇಲೆ ತೆಳ್ಳಗಿನ ಟೀ ಶರ್ಟು, ಅದರ ಮೇಲೇ ಹಾಕಿ ನೋಡಲು

### 2. ಯಾವ ರಾಶಿ ಎದುರು ನಿಂತಿದ್ದೀರಿ ತಿಳಿದುಕೊಳ್ಳಿ

ಸಂಡೇ ಬಜಾರ್ ಸೇರುವುದು ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಮುತ್ತ. ಚಿಕ್ಕಪೇಟೆ ಮತ್ತು ಕೆ.ಆರ್. ಮಾರುಕಟ್ಟೆ, ಎರಡೂ ಹಸಿರು ಮಾರ್ಗದ ಮೆಟ್ರೋ ನಿಲ್ದಾಣಗಳು. ಎಲ್ಲಿ ಇಳಿದರೂ ನಡೆದು ಹೋಗಬಹುದು. ಗಾಡಿ ತರಬೇಡಿ. ಪರ್ಸು, ಫೋನು ಮುಂದಿನ ಜೇಬಿನಲ್ಲಿರಲಿ.

ಅಲ್ಲಿ ಪಕ್ಕಪಕ್ಕದಲ್ಲೇ ಮೂರು ಥರದ ಬಟ್ಟೆ ಸಿಗುತ್ತದೆ. ಮೊದಲನೆಯದು, ಉಟ್ಟು ಬಿಟ್ಟದ್ದು. ಎರಡನೆಯದು, ಗಾರ್ಮೆಂಟ್ ಫ್ಯಾಕ್ಟರಿಯಿಂದ ಹೊರಬಿದ್ದ ಸರ್‌ಪ್ಲಸ್, ಅಂದರೆ ಹೆಚ್ಚಾಗಿ ಉಳಿದ ಹೊಸ ಬಟ್ಟೆ. ಇದರಲ್ಲಿ ಲೇಬಲ್ ಕತ್ತರಿಸಿರುತ್ತದೆ ಅಥವಾ ಅದರ ಮೇಲೆ ಗೆರೆ ಎಳೆದಿರುತ್ತದೆ. ಮೂರನೆಯದು, ಫ್ಯಾಕ್ಟರಿಯ ರಿಜೆಕ್ಟ್. ಒಂದು ತೋಳು ಉದ್ದ, ಬಣ್ಣದಲ್ಲಿ ವ್ಯತ್ಯಾಸ, ತಪ್ಪಿದ ಹೊಲಿಗೆ, ಹೀಗೆ.

ತೊಂದರೆ ಎಲ್ಲಿ ಅಂದರೆ, ಒಗೆದು ಇಸ್ತ್ರಿ ಹಾಕಿದ ಹಳೇ ಬಟ್ಟೆಯನ್ನು ಸರ್‌ಪ್ಲಸ್ ಅಂತ ಹೆಚ್ಚಿನ ಬೆಲೆಗೆ ಕೊಡುವವರಿದ್ದಾರೆ. ಗುಂಡಿಯ ಕಾಜಾ ನೋಡಿ. ಹೊಸದರಲ್ಲಿ ಕಾಜಾ ಬಿಗಿಯಾಗಿರುತ್ತದೆ, ಉಟ್ಟಿದ್ದರಲ್ಲಿ ಸಡಿಲ. ಜೇಬು ಒಳಗಿಂದ ಹೊರಕ್ಕೆ ತಿರುಗಿಸಿ. ಮೂಲೆಯಲ್ಲಿ ನೂಲಿನ ಉಂಡೆ, ಧೂಳು ಸಿಕ್ಕಿದರೆ ಅದು ಯಾರೋ ಉಟ್ಟಿದ್ದೇ.

ಒಂದೇ ಥರದ ಟ್ಯಾಗ್ ಇರುವ ಹೊಸ ಬಟ್ಟೆ ರಾಶಿಗಟ್ಟಲೆ, ನಂಬಲಾಗದ ಬೆಲೆಗೆ ಸಿಕ್ಕರೆ ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ.

ಬೆಳಿಗ್ಗೆ ಹೋದರೆ ಆಯ್ಕೆ ಜಾಸ್ತಿ, ಸಂಜೆ ಹೋದರೆ ಬೆಲೆ ಕಡಿಮೆ. ಆಫೀಸಿಗೆ ಹಾಕುವ ಬಟ್ಟೆ ಬೇಕಾದವರು ಬೆಳಿಗ್ಗೆಯೇ ಹೋಗಿ. ತೋಟದ ಕೆಲಸಕ್ಕೆ, ಪೇಂಟ್ ಹೊಡೆಯಲು ಹಳೇ ಪ್ಯಾಂಟು ಬೇಕಾದರೆ ಸಂಜೆಯೇ ಸರಿ.

### 3. ಬೆಲೆ ಕೇಳುವ ಮುಂಚೆ ಪರೀಕ್ಷೆ, ಇದೇ ಕ್ರಮದಲ್ಲಿ

ಇಡೀ ಬರಹದಲ್ಲಿ ಮುಖ್ಯವಾದ ಭಾಗ ಇದು. ಅಭ್ಯಾಸ ಆದರೆ ಒಂದು ಬಟ್ಟೆಗೆ ಒಂದು ನಿಮಿಷವೂ ಬೇಡ. ಸರಿಪಡಿಸಲು ಆಗದ ದೋಷಗಳನ್ನು ಮೊದಲು ನೋಡುವುದೇ ಈ ಕ್ರಮದ ಗುಟ್ಟು.

ವಾಸನೆ ಮತ್ತು ಹುಳ. ಮೊದಲು ಒಳಗಿನ ಹೊಲಿಗೆಯ ಮಡಿಕೆ ಅಗಲಿಸಿ ನೋಡಿ. ಸಣ್ಣ ಕಪ್ಪು ಚುಕ್ಕೆಗಳ ಸಾಲು, ತುಕ್ಕಿನ ಬಣ್ಣದ ಕಲೆ, ಒಣಗಿದ ಸಿಪ್ಪೆಯಂಥದ್ದು ಕಂಡರೆ ತಿಗಣೆ ಇರಬಹುದು. ಅಲ್ಲೇ ಕೆಳಗಿಡಿ. ಆ ರಾಶಿಯಲ್ಲಿ ಬೇರೆ ಏನನ್ನೂ ಮುಟ್ಟಬೇಡಿ. ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ಜಾಕೆಟ್ಟಿನ ಉಳಿತಾಯಕ್ಕೆ ಇಡೀ ಮನೆಯ ಹಾಸಿಗೆ ಬಿಸಿಲಿಗೆ ಹಾಕುವ ಪಾಡು ಬೇಡ. ಬರೀ ಮುಗ್ಗಲು ವಾಸನೆ ಇದ್ದರೆ ಅದು ತೊಳೆದರೆ ಹೋಗುತ್ತದೆ. ಆದರೆ ಕಪ್ಪು ಚುಕ್ಕೆಯ ಬೂಷ್ಟು ಹತ್ತಿಯೊಳಗೆ ಇಳಿದಿದ್ದರೆ ಅದು ಹೋಗುವುದಿಲ್ಲ.

ಬೆಳಕಿಗೆ ಹಿಡಿಯಿರಿ. ಎರಡೂ ಕೈಯಲ್ಲಿ ಬಟ್ಟೆ ಎತ್ತಿ ಆಕಾಶಕ್ಕೆ ಹಿಡಿಯಿರಿ. ಸವೆದ ಜಾಗ ಬೆಳಕಿನಲ್ಲಿ ತೆಳ್ಳಗೆ ಕಾಣುತ್ತದೆ, ಸಣ್ಣ ತೂತು ಹೊಳೆಯುತ್ತದೆ. ಪ್ಯಾಂಟಿನಲ್ಲಿ ತೊಡೆ ಉಜ್ಜುವ ಜಾಗ, ಕೂರುವ ಜಾಗ, ಮೊಣಕಾಲು. ಶರ್ಟಿನಲ್ಲಿ ಮೊಣಕೈ, ಕಾಲರಿನ ಮಡಿಕೆ. ಉಣ್ಣೆಯ ಸ್ವೆಟರಿನಲ್ಲಿ ಚೆಲ್ಲಾಪಿಲ್ಲಿಯಾಗಿ ಸಣ್ಣ ತೂತುಗಳಿದ್ದರೆ ನುಸಿ ಹುಳ ತಿಂದಿದೆ ಅಂತ ಅರ್ಥ. ಮೊಟ್ಟೆ ಇನ್ನೂ ಉಳಿದಿರಬಹುದು.

ಹೊಲಿಗೆ ಎಳೆಯಿರಿ. ಪಕ್ಕದ ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊಲಿಗೆ ದಾರ ಬಿಟ್ಟುಕೊಂಡರೆ ಚಿಂತೆಯಿಲ್ಲ, ಟೈಲರ್ ಹತ್ತು ನಿಮಿಷದಲ್ಲಿ ಹಾಕುತ್ತಾರೆ. ಆದರೆ ದಾರದ ಪಕ್ಕದ ಬಟ್ಟೆಯೇ ಎಳೆ ಎಳೆಯಾಗಿ ಸರಿದರೆ ಅದು ಪಿಸಿಯುತ್ತಿದೆ. ಅದನ್ನು ಯಾರೂ ಉಳಿಸಲಾರರು. "ಒಂದು ಸಲ ಒಗೆದದ್ದಕ್ಕೆ ಹೋಯ್ತು" ಅನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇದೇ ಇರುತ್ತದೆ.

ಕಂಕುಳು ಮತ್ತು ಕಾಲರ್. ಕಂಕುಳ ಬಳಿ ಹಳದಿ ಬಣ್ಣದ ಗಡುಸು ಕಲೆ ಇದ್ದರೆ ಅದು ಬೆವರು ಮತ್ತು ಬೆವರು ತಡೆಯುವ ಲೇಪನದಲ್ಲಿನ ಅಲ್ಯೂಮಿನಿಯಂ ಲವಣ ಸೇರಿ ಆದದ್ದು. ಹಳೆಯದಾದರೆ ಹೋಗುವುದು ಕಷ್ಟ. ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಹಳದಿಯಾಗುತ್ತದೆ. ಬಿಳಿ ಶರ್ಟಿನಲ್ಲಿ ಇದು ಕಂಡರೆ ಬಿಡಿ.

ಒದ್ದೆ ಕರ್ಚೀಫು. ಗಾಢ ಬಣ್ಣದ ಬಟ್ಟೆಯ ಒಳಮಗ್ಗುಲಲ್ಲಿ ಒದ್ದೆ ಕರ್ಚೀಫು ಉಜ್ಜಿ. ಬಣ್ಣ ಹತ್ತಿದರೆ ಅದನ್ನು ಯಾವತ್ತೂ ಬೇರೆಯಾಗಿಯೇ ಒಗೆಯಬೇಕು. ಕೆಂಪು, ಕಡುನೀಲಿಗೆ ಈ ಪರೀಕ್ಷೆ ತಪ್ಪಿಸಬೇಡಿ.

ಜಿಪ್, ಗುಂಡಿ, ಎಲಾಸ್ಟಿಕ್. ಜಿಪ್ಪನ್ನು ಪೂರಾ ಎರಡು ಸಲ ಎಳೆಯಿರಿ. ಎಲಾಸ್ಟಿಕ್ ಎಳೆದಾಗ ಚಟಚಟ ಸದ್ದಾದರೆ ಒಳಗಿನ ರಬ್ಬರು ಒಣಗಿದೆ. ಇವೆಲ್ಲ ಸರಿಹೋಗುವ ದೋಷಗಳು, ಅದಕ್ಕೇ ಕೊನೆಗೆ.

ಟೇಪು ತೆಗೆಯುವುದು ಇದೆಲ್ಲ ಆದ ಮೇಲೆ.

ಒಂದು ವಿಷಯ ಇಲ್ಲಿ ಬೇರೆಯಾಗಿ ಹೇಳಬೇಕು. ರೇಷ್ಮೆ ಸೀರೆಗೆ ಪರೀಕ್ಷೆ ಬೇರೆ. ಸೀರೆಯನ್ನು ಪೂರಾ ಬಿಡಿಸಿಯೇ ನೋಡಿ. ಬಿಡಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಮಡಿಕೆ ಗೆರೆಯಲ್ಲೇ ಸೀಳುತ್ತದೆ. ಗೆರೆಗುಂಟ ಬೆರಳಾಡಿಸಿ. ಬಿರುಕು ಒಂದೇ ಕಡೆ ಶುರುವಾಗಿದ್ದರೂ ಉಳಿದ ಗೆರೆಗಳು ಬೇಗ ಹಿಂಬಾಲಿಸುತ್ತವೆ. ಉಡಲು ಅಂತ ಕೊಳ್ಳಬೇಡಿ. ಸೆರಗಿನಿಂದ ಮಕ್ಕಳಿಗೆ ಲಂಗ ಹೊಲಿಸುವುದಾದರೆ ಮಾತು ಬೇರೆ.

### 4. ಇದು ಹತ್ತಿಯಾ, ರೇಷ್ಮೆಯಾ?

ಮಾರುವವರ ಮಾತಿಗಿಂತ ಒಂದು ಎಳೆ ನೂಲು ಹೆಚ್ಚು ನಿಜ ಹೇಳುತ್ತದೆ. ದುಬಾರಿ ಬಟ್ಟೆಯಾದರೆ ಕೇಳಿಕೊಂಡು ಒಳಗಿನ ಅಂಚಿನಿಂದ ಎರಡು ಎಳೆ ತೆಗೆದು, ಅಂಗಡಿಯಿಂದ ದೂರ ಹೋಗಿ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಹಿಚುಕಿದರೆ ಪುಡಿಯಾಗುವ ಕಪ್ಪು ಉಂಡೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್, ಅಂದರೆ ರೇಯಾನ್, ಕೂಡ ಹತ್ತಿಯ ಥರವೇ ಸುಡುತ್ತದೆ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಅದನ್ನು ಒಗೆಯುವ ಕಲ್ಲಿಗೆ ಬಡಿಯುವಂತಿಲ್ಲ. ಬೆರಕೆ ನೂಲಿನಲ್ಲಿ ಫಲಿತಾಂಶವೂ ಬೆರಕೆಯಾಗಿ ಬರುತ್ತದೆ, ಅಡ್ಡ ಎಳೆ ಉದ್ದ ಎಳೆ ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ.

### 5. ನಿಜವಾದ ಬೆಲೆ ಲೆಕ್ಕ ಹಾಕಿ, ಆಮೇಲೆ ಚೌಕಾಸಿ

ನಿಜವಾದ ಬೆಲೆ ಅಂದರೆ ಸಂತೆಯಲ್ಲಿ ಕೊಡುವ ದುಡ್ಡು, ರಿಪೇರಿ ಖರ್ಚು, ಒಗೆತದ ಖರ್ಚು ಮೂರೂ ಸೇರಿ. ನಾನು ಪಾಲಿಸುವ ನಿಯಮ: ಈ ಮೊತ್ತ ಅದೇ ಥರದ ಹೊಸ ಬಟ್ಟೆಯ ಬೆಲೆಯ ಮೂರನೇ ಒಂದು ಭಾಗ ದಾಟಬಾರದು.

ಉದಾಹರಣೆಗೆ ಒಂದು ಜೀನ್ಸಿಗೆ 200 ರೂಪಾಯಿ ಹೇಳಿದರು ಅಂದುಕೊಳ್ಳಿ. ಜಿಪ್ ಹಾಕಿಸಲು 80, ಉದ್ದ ಮಡಿಸಲು 50. ಒಟ್ಟು 330 ಆಯಿತು. ಅಂಥದ್ದೇ ಹೊಸದು 900ಕ್ಕೆ ಸಿಗುವುದಾದರೆ ನಿಮ್ಮ ಮಿತಿ 300. ಅಂದರೆ 170ಕ್ಕೆ ಕೊಟ್ಟರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಇಲ್ಲ.

ಚೌಕಾಸಿ ಮಾಡುವಾಗ ದೋಷವನ್ನು ಖರ್ಚಿನ ರೂಪದಲ್ಲಿ ಹೇಳಿ. "ಏನಣ್ಣ ಇಂಥಾ ಬಟ್ಟೆ ಇಟ್ಟಿದೀರಾ" ಅಂದರೆ ಮಾತು ಅಲ್ಲಿಗೇ ಕೆಡುತ್ತದೆ. "ಅಣ್ಣ, ಜಿಪ್ ಹಾಕಿಸ್ಬೇಕು, ಎಂಬತ್ತು ಹೋಗುತ್ತೆ, ಅದನ್ನ ಬಿಟ್ಟು ಹೇಳಿ" ಅಂದರೆ ಅವರಿಗೂ ಇಳಿಸಲು ಕಾರಣ ಸಿಗುತ್ತದೆ. ಎರಡು ಮೂರು ಬಟ್ಟೆ ಸೇರಿಸಿ ಒಂದೇ ಬೆಲೆ ಕೇಳಿದರೆ ಇನ್ನೂ ಒಳ್ಳೆಯದು.

ಬೆಳಿಗ್ಗೆ ಬೋಣಿ ಹೊತ್ತಿನಲ್ಲಿ ಸುಮ್ನೆ ಬೆಲೆ ಕೇಳಿ, ಇಳಿಸಿ, ಕೊಳ್ಳದೆ ಹೋಗಬೇಡಿ. ಅವರಿಗೆ ಇಡೀ ದಿನ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಬಿಸಿಲಿನಲ್ಲಿ ಕೂತು ದುಡಿಯುವವರ ಹತ್ತಿರ ಕೊನೆಯ ಐದು ರೂಪಾಯಿಗೆ ಜಗ್ಗುವುದೂ ಬೇಡ.

### 6. ಮನೆಗೆ ತಂದ ಮೇಲೆ

ತಂದ ಬಟ್ಟೆಯನ್ನು ಕವರಿನಿಂದ ತೆಗೆಯುವುದು ಒಗೆಯುವ ಜಾಗದಲ್ಲೇ. ಹಾಸಿಗೆ, ಸೋಫಾ ಮೇಲೆ ಹರಡಬೇಡಿ.

ಹತ್ತಿ ಬಟ್ಟೆ, ಜೀನ್ಸು, ಟವಲ್‌ಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ವಾಷಿಂಗ್ ಮಷಿನ್ ಇಲ್ಲದಿದ್ದರೆ ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ. ಆಮೇಲೆ ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿನೀರು ತಡೆಯದ ಬಟ್ಟೆಯನ್ನು ಗಾಳಿಯಾಡದಂತೆ ಕವರಿನಲ್ಲಿ ಕಟ್ಟಿ ಎರಡು ವಾರ ಇಡಿ. ಹೇನು, ಕಜ್ಜಿ ಹುಳ ಮನುಷ್ಯರ ಮೈ ಸಿಗದೆ ಅಷ್ಟು ದಿನ ಬದುಕುವುದಿಲ್ಲ. ತಿಗಣೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಮೊದಲೇ ಹೇಳಿದೆನಲ್ಲ. ಉಣ್ಣೆಯದ್ದನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ನುಸಿಯ ಮೊಟ್ಟೆ ಸಾಯುತ್ತದೆ.

ಎಳೆ ಮಗು ಇರುವ ಮನೆಯವರು ಇದನ್ನು ತಪ್ಪದೆ ಗಮನಿಸಿ. ನುಸಿ ಗುಳಿಗೆ, ಅಂದರೆ ನ್ಯಾಫ್ತಲೀನ್ ವಾಸನೆ ಹೊಡೆಯುವ ಬಟ್ಟೆಯನ್ನು ಮಗುವಿಗೆ ತೊಡಿಸಬೇಡಿ, ಹೊದಿಸಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ. ಅಂಥವರಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಬರಬಹುದು. ಮಗುವಿನ ಬಟ್ಟೆಯಲ್ಲಿ ಕುತ್ತಿಗೆ ಸುತ್ತ ದಾರವಿದ್ದರೆ ಕಿತ್ತುಹಾಕಿ, ಸಡಿಲ ಗುಂಡಿಗಳನ್ನು ಮತ್ತೆ ಹೊಲಿಯಿರಿ.

## ಭಾಗ ಎರಡು: ಮಾರುವವರಿಗೆ

### 1. ಗಂಟು ಕಟ್ಟಬೇಡಿ, ನಾಲ್ಕು ಗುಡ್ಡೆ ಮಾಡಿ

ಎಲ್ಲಾ ಬಟ್ಟೆ ಒಂದೇ ಗಂಟಿನಲ್ಲಿ ಹೋದರೆ ಅದಕ್ಕೆ ಸಿಗುವುದು ಗಂಟಿನಲ್ಲಿರುವ ಅತಿ ಕೆಟ್ಟ ಬಟ್ಟೆಯ ಬೆಲೆ. ಲಾಟು, ಅಂದರೆ ಎಲ್ಲವನ್ನೂ ಒಟ್ಟಿಗೆ ಕೊಳ್ಳುವವರು ಮೇಲಿನ ನಾಲ್ಕು ಹರಕು ತೋರಿಸಿ ಇಡೀ ಗಂಟನ್ನು ತೂಕಕ್ಕೆ ಇಳಿಸುತ್ತಾರೆ.

ಮೊದಲ ಗುಡ್ಡೆ: ಈಗಲೇ ಯಾರಾದರೂ ಹಾಕಿಕೊಂಡು ಹೊರಗೆ ಹೋಗಬಹುದಾದ ಬಟ್ಟೆ. ಎರಡನೆಯದು: ಗುಂಡಿ, ಜಿಪ್, ಹೊಲಿಗೆ ಹಾಕಿದರೆ ಮೊದಲ ಗುಡ್ಡೆಗೆ ಸೇರುವಂಥದ್ದು. ಮೂರನೆಯದು: ಜರಿ ಸೀರೆ, ಉಣ್ಣೆ ಕೋಟು, ಮದುವೆ ಬಟ್ಟೆ. ಇವು ಸಂತೆಗೆ ಹೋಗಬಾರದು, ಇವುಗಳ ದಾರಿ ಬೇರೆ. ನಾಲ್ಕನೆಯದು ಉಡಲಾಗದ್ದು.

ಮಾರಲೇಬಾರದವು ಇವೆ. ಪೊಲೀಸ್, ಸೇನೆ, ಸೆಕ್ಯುರಿಟಿ ಸಮವಸ್ತ್ರ, ಕಂಪನಿ ಹೆಸರಿರುವ ಡೆಲಿವರಿ ಟೀ ಶರ್ಟು ಯಾರ ಕೈಗೆ ಹೋಗುತ್ತದೆ ಹೇಳಲಾಗದು. ಲಾಂಛನ ಕಿತ್ತು ಕತ್ತರಿಸಿ ಒರೆಸುವ ಬಟ್ಟೆ ಮಾಡಿ. ಒಳಉಡುಪು ಕೂಡ ಬೇಡ.

ಜೇಬು ನೋಡಿ. ಪ್ರತಿಯೊಂದನ್ನೂ. ಚಿನ್ನದ ಓಲೆ, ಆಸ್ಪತ್ರೆ ಚೀಟಿ, ಎಟಿಎಂ ಕಾರ್ಡು ಸಂತೆಗೆ ಹೋಗುವುದು ಹೀಗೇ.

### 2. ಒಗೆದು, ಒಣಗಿಸಿ, ರಿಪೇರಿ ಮಾಡಿ

ಒಗೆಯದ ಬಟ್ಟೆ ಮಾರುವುದು ಕೊಳ್ಳುವವರಿಗೆ ಮಾಡುವ ಅವಮಾನ. ಬೆಲೆಗೂ ಅದೇ ದೊಡ್ಡ ಪೆಟ್ಟು. ಗಾಢ ಸುಗಂಧದ ಪೌಡರ್ ಹಾಕಬೇಡಿ, ಏನನ್ನೋ ಮುಚ್ಚಿಡುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಇಸ್ತ್ರಿ ಶರ್ಟಿಗೆ ಮತ್ತು ಹತ್ತಿ ಸೀರೆಗೆ ಸಾಕು.

ರಿಪೇರಿಗೆ ಮಿತಿ ಇರಲಿ. ಕಾಣೆಯಾದ ಗುಂಡಿ, ಬಿಟ್ಟ ಅಂಚು ನೀವೇ ಹಾಕಿ. ಮಾರುವ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಟೈಲರಿಗೆ ಕೊಡಬೇಕಾದರೆ ಹಾಗೇ ಬಿಟ್ಟು, ದೋಷ ತೋರಿಸಿ ಕಡಿಮೆಗೆ ಕೊಡಿ.

### 3. ಯಾವ ಬಟ್ಟೆ ಎಲ್ಲಿಗೆ, ಯಾವಾಗ

ಮನೆ ಬಾಗಿಲಿಗೆ ಬಂದು ಸ್ಟೀಲ್ ಪಾತ್ರೆ ಕೊಟ್ಟು ಬಟ್ಟೆ ಒಯ್ಯುವವರು ಈಗಲೂ ಇದ್ದಾರೆ. ಎರಡನೇ ಗುಡ್ಡೆಯ ಸಾಮಾನ್ಯ ಬಟ್ಟೆಗೆ ಇದು ಒಳ್ಳೆ ದಾರಿ, ನಿಮಗೆ ಓಡಾಟವಿಲ್ಲ. ಆದರೆ ಪಾತ್ರೆಯ ಅಂಗಡಿ ಬೆಲೆ ಮೊದಲೇ ತಿಳಿದಿರಲಿ, ರೇಷ್ಮೆ ಸೀರೆ ಮತ್ತು ಜರಿ ಪಂಚೆ ಅವರ ಕಣ್ಣಿಗೆ ಬೀಳದಿರಲಿ. ಒಂದು ಬೋಗುಣಿಗೆ ಜರಿ ಸೀರೆ ಕೊಟ್ಟು ಆಮೇಲೆ ಅತ್ತವರು ಬಹಳ.

ಸಂತೆಯಲ್ಲಿ ನೀವೇ ಕೂತು ಮಾರುವುದಾದರೆ ಹೋಗುವುದು ಜೀನ್ಸು, ಗಟ್ಟಿ ಕೆಲಸದ ಪ್ಯಾಂಟು, ಮಕ್ಕಳ ಬಟ್ಟೆ, ಸ್ವೆಟರು, ನೈಟಿ. ಕಲ್ಲು ಹೊಳೆಯುವ ಪಾರ್ಟಿ ಬಟ್ಟೆ ಎಲ್ಲರೂ ಮುಟ್ಟಿ ನೋಡುತ್ತಾರೆ, ಕೊಳ್ಳುವವರು ಕಡಿಮೆ.

ಕಾಲವನ್ನೂ ನೋಡಿ. ಶಾಲೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ ಬಿಳಿ ಶರ್ಟು, ಶಾಲೆ ಬ್ಯಾಗು, ರೇನ್‌ಕೋಟು. ದೀಪಾವಳಿ ಕಳೆದ ಮೇಲೆ ಸ್ವೆಟರು, ಜರ್ಕಿನ್. ಆಷಾಢದಲ್ಲಿ ಮದುವೆಗಳಿಲ್ಲ, ಹೊಸ ಬಟ್ಟೆ ಅಂಗಡಿಗಳೇ ರಿಯಾಯಿತಿ ಕೊಡುತ್ತಿರುತ್ತವೆ. ಆಗ ಸೀರೆ ಮಾರಲು ಹೋಗಬೇಡಿ. ಕೊಳ್ಳುವವರಿಗೆ ಅದೇ ಒಳ್ಳೆ ಸಮಯ.

### 4. ಹಳೇ ಜರಿ ಸೀರೆ: ಅವಸರ ಬೇಡ

ಅತಿ ಹೆಚ್ಚು ನಷ್ಟ ಆಗುವುದು ಇಲ್ಲಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತ ಹಳೇ ಜರಿ ಸೀರೆ ಕೊಳ್ಳುವ ಅಂಗಡಿಗಳಿವೆ. ಅವರು ನೋಡುವುದು ಸೀರೆಯ ಅಂದವನ್ನಲ್ಲ, ಜರಿಯಲ್ಲಿರುವ ಬೆಳ್ಳಿಯನ್ನು.

ಅಸಲಿ ಜರಿ ಅಂದರೆ ರೇಷ್ಮೆ ದಾರದ ಮೇಲೆ ತೆಳುವಾದ ಬೆಳ್ಳಿ ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಸರ್ಕಾರಿ ಕಂಪನಿ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ನೇಯುವ ಮೈಸೂರು ಸಿಲ್ಕ್ ಸೀರೆಗಳ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಅಂಗಡಿಯವರು ಟೆಸ್ಟೆಡ್ ಅಂತ ಕರೆಯುವ ಜರಿಯಲ್ಲಿ ಬೆಳ್ಳಿಯ ಬದಲು ಹೆಚ್ಚಾಗಿ ತಾಮ್ರ. ಪ್ಲಾಸ್ಟಿಕ್ ಜರಿಗೆ ಬೆಲೆಯೇ ಇಲ್ಲ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಸೆರಗಿನ ತುದಿಯಿಂದ ಒಂದು ಜರಿ ಎಳೆ ತೆಗೆದು ಉಗುರಿನಿಂದ ಸುತ್ತು ಬಿಚ್ಚಿ. ಒಳಗೆ ಕೆಂಪು ರೇಷ್ಮೆ ದಾರ ಕಂಡರೆ ಅಸಲಿ ಇರುವ ಸಾಧ್ಯತೆ ಹೆಚ್ಚು. ಬಿಳಿ ಅಥವಾ ಹಳದಿ ದಾರ ಕಂಡರೆ ನಿರೀಕ್ಷೆ ಇಳಿಸಿಕೊಳ್ಳಿ. ಕೆಂಪು ದಾರ ಹಾಕಿದ ನಕಲಿಯೂ ಇದೆ, ಅದಕ್ಕೇ ಕೊನೆಯ ಮಾತು ಒರೆಗಲ್ಲಿನದ್ದು.

ಅಂಗಡಿಗೆ ಹೋದಾಗ ಹೀಗೆ ಮಾಡಿ:

1. ಅವತ್ತಿನ ಬೆಳ್ಳಿ ದರ ನೋಡಿಕೊಂಡು ಹೋಗಿ.
2. ಮನೆಯಲ್ಲೇ ಸೀರೆ ತೂಗಿ, ಫೋಟೋ ತೆಗೆದಿಡಿ.
3. ಸೀರೆಯನ್ನು ಒಳಗೆ ಒಯ್ಯಲು ಬಿಡಬೇಡಿ. ಒರೆ ಹಚ್ಚುವುದು ನಿಮ್ಮ ಎದುರೇ ಆಗಲಿ.
4. ಕನಿಷ್ಠ ಮೂರು ಅಂಗಡಿಯಲ್ಲಿ ಕೇಳಿ. ಮೊದಲ ಅಂಗಡಿಯ ಬೆಲೆಯನ್ನು ಎರಡನೆಯವರಿಗೆ ಹೇಳಬೇಡಿ.
5. ಬೆಲೆ ಒಪ್ಪುವವರೆಗೆ ಅಂಚು ಕತ್ತರಿಸಲು ಬಿಡಬೇಡಿ. ಕತ್ತರಿಸಿದ ಸೀರೆಯನ್ನು ಬೇರೆಯವರು ಕೊಳ್ಳುವುದಿಲ್ಲ, ಅದು ಅವರಿಗೂ ಗೊತ್ತು.

ಇನ್ನೊಂದು ಮಾತು. ಮಡಿಕೆ ಸೀಳದ, ಉಡಬಹುದಾದ ಸೀರೆಯನ್ನು ಜರಿ ತೂಕಕ್ಕೆ ಕೊಡಬೇಡಿ. ಮೈಸೂರು ಸಿಲ್ಕ್ ಆದರೆ ಅದರ ಮೇಲಿನ ಗುರುತು ಸಂಖ್ಯೆ, ಬಿಲ್ಲು ಹುಡುಕಿ ಇಟ್ಟುಕೊಂಡು, ಸೀರೆಯಾಗಿಯೇ ಮಾರಿ. ನೆಂಟರು, ಪರಿಚಯದವರಲ್ಲಿ ಕೇಳಿದರೆ ಕೊಳ್ಳುವವರು ಸಿಗುತ್ತಾರೆ.

### 5. ಬೆಲೆ ಕಟ್ಟುವುದು: ಮೊದಲು ಖರ್ಚು

ಸಂತೆಗೆ ಹೋಗುವ ಖರ್ಚನ್ನು ಬಟ್ಟೆಗಳ ಮೇಲೆ ಹಂಚಿ ನೋಡಿ. ಆಟೋ 300, ಸುಂಕ 50, ಸೋಪು ಮತ್ತು ರಿಪೇರಿ 400 ಅಂದುಕೊಳ್ಳಿ. ಒಟ್ಟು 750. ನೀವು 50 ಬಟ್ಟೆ ಒಯ್ದರೆ ಎಲ್ಲವೂ ಹೋಗುವುದಿಲ್ಲ. ಅರ್ಧ ಹೋಗುತ್ತದೆ ಅಂತ ಹಿಡಿದರೆ 25. ಒಂದು ಬಟ್ಟೆಯ ಮೇಲೆ 30 ರೂಪಾಯಿ ಖರ್ಚು ಬಿತ್ತು. ಅಂದರೆ 30 ರೂಪಾಯಿಗೆ ಹೋಗುವ ಬಟ್ಟೆಯನ್ನು ಹೊತ್ತು ತಂದರೆ ನಿಮಗೆ ಏನೂ ಉಳಿಯುವುದಿಲ್ಲ. ಅದನ್ನು ಮನೆಯಲ್ಲೇ ಪಾತ್ರೆಗೆ ಕೊಡಿ. ಈ ಒಂದು ಲೆಕ್ಕ ಹಾಕಿದವರು ಮುಂದಿನ ಸಲ ಕಡಿಮೆ ಬಟ್ಟೆ ಒಯ್ದು ಜಾಸ್ತಿ ದುಡ್ಡು ತರುತ್ತಾರೆ.

ಪ್ರತಿ ಬಟ್ಟೆಗೂ ಎರಡು ಬೆಲೆ ಇಟ್ಟುಕೊಳ್ಳಿ: ಹೇಳುವ ಬೆಲೆ, ಬಿಡುವ ಬೆಲೆ. ನಡುವಿನ ಅಂತರ ಮೂರನೇ ಒಂದು ಭಾಗ ಇರಲಿ. 150 ಹೇಳಿ, 100ಕ್ಕೆ ಬಿಡಿ. 300 ಹೇಳಿ 80ಕ್ಕೆ ಇಳಿದರೆ ಪಕ್ಕದಲ್ಲಿ ನಿಂತ ಗಿರಾಕಿ ನಿಮ್ಮ ಯಾವ ಬೆಲೆಯನ್ನೂ ನಂಬುವುದಿಲ್ಲ.

### 6. ಜಾಗ, ಸುಂಕ, ಕಾಗದ

ಖಾಲಿ ಕಂಡ ಜಾಗದಲ್ಲಿ ಟಾರ್ಪಾಲ್ ಹಾಸಿ ಕೂತರೆ ಅರ್ಧ ಗಂಟೆಯಲ್ಲಿ ಆ ಜಾಗದವರು ಬರುತ್ತಾರೆ. ಮೊದಲ ವಾರ ಬರಿಗೈಯಲ್ಲಿ ಹೋಗಿ ಅಕ್ಕಪಕ್ಕದವರನ್ನು ಮಾತಾಡಿಸಿ. "ಅಕ್ಕ, ಇಲ್ಲಿ ಒಂದು ವಾರ ಕೂರಬಹುದಾ, ಯಾರನ್ನ ಕೇಳಬೇಕು?" ಅಂದರೆ ಸಾಕು, ದಾರಿ ತೋರಿಸುತ್ತಾರೆ.

ಹಳ್ಳಿ ಸಂತೆಯಲ್ಲಿ ಪಂಚಾಯ್ತಿ ಸುಂಕ ಇರುತ್ತದೆ. ಅದರ ವಸೂಲಿ ಹರಾಜು ಹಿಡಿದವರ ಕೈಯಲ್ಲಿರುತ್ತದೆ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ. ಊರಿನ ಬೀದಿಬದಿಯಲ್ಲಿ ವಾರವಾರವೂ ಮಾರುವ ಯೋಚನೆ ಇದ್ದರೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಸಿಗುವ ವ್ಯಾಪಾರ ಪ್ರಮಾಣಪತ್ರಕ್ಕೆ ನಿಮ್ಮ ಪಾಲಿಕೆ ಅಥವಾ ಪುರಸಭೆಯಲ್ಲಿ ವಿಚಾರಿಸಿ.

ರಾಜ್ಯದೊಳಗೆ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೂ ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೂ ನೋಟಿಸ್ ಕಳಿಸಿತ್ತು. ನೆಂಟರು ಕಳಿಸಿದ ಹಣ, ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಬೆರೆತರೆ ಆಮೇಲೆ ಬಿಡಿಸಿ ಹೇಳುವುದು ಕಷ್ಟ.

### 7. ಅಂಗಡಿ ಹಾಕಿದ ಮೇಲೆ

ರಾಶಿ ಹಾಕಿದರೆ ಗಿರಾಕಿ ರಾಶಿಯ ಬೆಲೆ ಕೇಳುತ್ತಾರೆ. ಒಳ್ಳೆಯದನ್ನು ಹಗ್ಗ ಕಟ್ಟಿ ಹ್ಯಾಂಗರಿಗೆ ಹಾಕಿ, ಪ್ಯಾಂಟುಗಳನ್ನು ಸೊಂಟದ ಅಳತೆ ಪ್ರಕಾರ ಜೋಡಿಸಿ, ಚೀಟಿಯಲ್ಲಿ ಇಂಚು ಬರೆದು ಅಂಟಿಸಿ. ಅಳತೆ ಬರೆದಿಟ್ಟವರ ಹತ್ತಿರ ಜನ ನಿಲ್ಲುತ್ತಾರೆ. ಒಂದು ಸಣ್ಣ ಕನ್ನಡಿ ಇರಲಿ.

ದೋಷ ಇದ್ದರೆ ನೀವೇ ಮೊದಲು ತೋರಿಸಿ. ವಾರವಾರ ಅದೇ ಜಾಗಕ್ಕೆ ಬರುವವರಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ.

ದುಡ್ಡಿನ ವಿಷಯದಲ್ಲಿ ಎಚ್ಚರ. ಗಿರಾಕಿ ತೋರಿಸುವ ಫೋನಿನ ಸ್ಕ್ರೀನ್ ನೋಡಿ ಬಟ್ಟೆ ಕೊಡಬೇಡಿ, ಹಣ ನಿಮ್ಮ ಫೋನಿಗೆ ಬಂದ ಮೇಲೆ ಕೊಡಿ. ಗುಂಪಾಗಿ ಬಂದು ಒಂದೇ ಸಲ ಮೂವರು ಬೆಲೆ ಕೇಳಿದರೆ ಮೊದಲು ದುಡ್ಡಿನ ಚೀಲದ ಮೇಲೆ ಕೈ ಇಡಿ, ಆಮೇಲೆ ಒಬ್ಬೊಬ್ಬರಿಗೇ ಉತ್ತರ ಕೊಡಿ.

### 8. ಉಳಿದದ್ದು ಮತ್ತು ನಾಲ್ಕನೇ ಗುಡ್ಡೆ

ಎರಡು ಸಂತೆಯಲ್ಲೂ ಹೋಗದ ಬಟ್ಟೆಯನ್ನು ಮೂರನೇ ಸಂತೆಗೆ ಹೊರಬೇಡಿ. ಮಧ್ಯಾಹ್ನದ ಮೇಲೆ ಉಳಿದದ್ದನ್ನೆಲ್ಲ ಒಂದೇ ಬೆಲೆಗೆ ಇಡಿ, ಇಲ್ಲವೇ ಲಾಟಿಗೆ ಕೊಟ್ಟು ಬನ್ನಿ.

ಹಳೇ ಹತ್ತಿ ಸೀರೆ, ಮೆತ್ತಗಾದ ಪಂಚೆ ಕೌದಿ (ಹಳೇ ಬಟ್ಟೆಯ ಪದರಗಳ ಹೊದಿಕೆ) ಹೊಲಿಯುವವರಿಗೆ ಬೇಕು. ಉತ್ತರ ಕರ್ನಾಟಕದಲ್ಲಿ ಈ ಕೆಲಸ ಬಲ್ಲ ಹೆಣ್ಣುಮಕ್ಕಳು ಇನ್ನೂ ಬಹಳ ಜನ ಇದ್ದಾರೆ. ಬನಿಯನ್, ಹತ್ತಿ ಟೀ ಶರ್ಟುಗಳನ್ನು ಗುಂಡಿ, ಜಿಪ್ ತೆಗೆದು ಗ್ಯಾರೇಜಿಗೆ ಕೊಡಿ, ಎಣ್ಣೆ ಒರೆಸಲು ಅವರಿಗೆ ಹತ್ತಿಯೇ ಬೇಕು, ಪಾಲಿಯೆಸ್ಟರ್ ಹೀರುವುದಿಲ್ಲ. ಹರಿದ ಸ್ವೆಟರು, ಉಣ್ಣೆ ಬಟ್ಟೆ ಗುಜರಿಯವರ ಕೈಸೇರಿದರೆ ಹರಿಯಾಣದ ಪಾಣಿಪತ್ ತನಕ ಹೋಗಬಹುದು. ಅಲ್ಲಿ ಇಂಥ ಬಟ್ಟೆಯನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಸೀಳಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ.

ಮುಂದಿನ ಕಾಲಕ್ಕೆ ಎತ್ತಿಡುವ ಬಟ್ಟೆ, ಅದರಲ್ಲೂ ಮಳೆಗಾಲದಲ್ಲಿ, ಪೂರಾ ಒಣಗಿದ ಮೇಲೆಯೇ ಕಟ್ಟಿ. ಸ್ವೆಟರು ಪ್ಲಾಸ್ಟಿಕ್ ಕವರಿನಲ್ಲಿ, ರೇಷ್ಮೆ ಹಳೇ ಹತ್ತಿ ಬಟ್ಟೆಯಲ್ಲಿ. ಕೆಲವು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ.